ಹಲವು ಆಸ್ಪತ್ರೆ, ಒಂದೇ ಲೆಕ್ಕ: ರೋಗಿ ಸುರಕ್ಷತೆಗಾಗಿ ಕೂಡಿ ದುಡಿಯುವ ಬಗೆ

ತಿಂಗಳಿಗೆ 150 ಲೈನ್-ದಿನಗಳಿರುವ ಒಂದು ಐಸಿಯುವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಸೆಂಟ್ರಲ್ ಲೈನ್ (ಔಷಧ ಕೊಡಲು ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಇರುವ ಒಬ್ಬ ರೋಗಿಯ ಒಂದು ದಿನವೆಂದರೆ ಒಂದು ಲೈನ್-ದಿನ. ಆ ತಿಂಗಳು ಒಬ್ಬರಿಗೆ ಲೈನಿನಿಂದ ರಕ್ತದ ಸೋಂಕು ತಗುಲಿದರೆ ಸಾವಿರ ಲೈನ್-ದಿನಗಳಿಗೆ 6.7 ಎಂದಾಯಿತು. ಯಾರಿಗೂ ತಗುಲದಿದ್ದರೆ ಸೊನ್ನೆ. ಮುಂದಿನ ತಿಂಗಳು ಮತ್ತೆ 6.7. ಇದು ಸುಧಾರಣೆಯೋ, ಇಳಿಮುಖವೋ, ಬರೀ ಅದೃಷ್ಟವೋ ಎಂದು ಆ ಐಸಿಯು ಒಂದೇ ಕುಳಿತು ಹೇಳಲಾರದು. ಅಂಥ ಎಂಟು ಐಸಿಯುಗಳು ಕೂಡಿದರೆ ತಿಂಗಳಿಗೆ 1200 ಲೈನ್-ದಿನಗಳು ಸಿಗುತ್ತವೆ, ಅಂಕಿಗೆ ಬಾಯಿ ಬರುತ್ತದೆ. ಆಸ್ಪತ್ರೆಗಳು ಕೂಡಬೇಕಾದ ಮೊದಲ ಕಾರಣ ಇದು. ಇನ್ನೊಂದು ಕಾರಣ ಅಪರೂಪದ ಅವಘಡಗಳು. ಒಂದು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ಆಗುವ ತಪ್ಪಿನಿಂದ ಆ ಆಸ್ಪತ್ರೆ ಕಲಿಯುವ ಹೊತ್ತಿಗೆ ಅಲ್ಲಿನ ಸಿಬ್ಬಂದಿಯೇ ಬದಲಾಗಿರುತ್ತಾರೆ.

ಇಂಥ ಕೂಟ ಕಟ್ಟುವ ಕೆಲಸವನ್ನು ಮೊದಲಿನಿಂದ ಹೇಳುತ್ತಾ ಹೋಗುತ್ತೇವೆ. ಉದಾಹರಣೆಗೆ ಸೆಂಟ್ರಲ್ ಲೈನ್ ಸೋಂಕನ್ನೇ ಹಿಡಿದುಕೊಂಡಿದ್ದೇವೆ. ರೋಗಿ ಬೀಳುವುದು, ಒತ್ತಡದ ಹುಣ್ಣು, ಔಷಧ ತಪ್ಪು ಯಾವುದನ್ನೇ ಆರಿಸಿದರೂ ಹೆಜ್ಜೆಗಳು ಹೆಚ್ಚುಕಡಿಮೆ ಇವೇ.

ಯಾರು, ಎಷ್ಟು ಮಂದಿ

ಆರರಿಂದ ಹನ್ನೆರಡು ಆಸ್ಪತ್ರೆಗಳು ಆರಂಭಕ್ಕೆ ಸರಿಯಾದ ಸಂಖ್ಯೆ. ಮೂರು-ನಾಲ್ಕೇ ಆದರೆ ಒಂದು ಹಿಂದೆಗೆದರೂ ಕೂಟ ಕುಸಿಯುತ್ತದೆ. ಇಪ್ಪತ್ತು ಮೀರಿದರೆ ಸಭೆಯಲ್ಲಿ ಮಾತಾಡುವವರು ನಾಲ್ವರು, ಉಳಿದವರು ಕೇಳುಗರು.

ಪ್ರತಿ ಆಸ್ಪತ್ರೆಯಿಂದ ನಾಲ್ಕರಿಂದ ಆರು ಜನರ ತಂಡವಿರಲಿ: ಆ ವಾರ್ಡಿನಲ್ಲೇ ಕೆಲಸ ಮಾಡುವ ಒಬ್ಬ ವೈದ್ಯ, ಒಬ್ಬ ಹಿರಿಯ ನರ್ಸ್, ಸೋಂಕು ನಿಯಂತ್ರಣದ ನರ್ಸ್, ಅಂಕಿ ಸಂಗ್ರಹಿಸುವ ಒಬ್ಬರು, ಹಣ ಮತ್ತು ಸಾಮಗ್ರಿಗೆ ಸಹಿ ಹಾಕಬಲ್ಲ ಆಡಳಿತಗಾರ. ಔಷಧಕ್ಕೆ ಸಂಬಂಧಿಸಿದ ವಿಷಯವಾದರೆ ಫಾರ್ಮಸಿಸ್ಟ್ ಬೇಕೇ ಬೇಕು. ಆಡಳಿತಗಾರರನ್ನು ಬಿಟ್ಟು ಆರಂಭಿಸುವವರೇ ಹೆಚ್ಚು. ಎರಡನೆಯ ತಿಂಗಳಿಗೆ, ಚರ್ಮದ ರೋಗಾಣು ಕೊಲ್ಲುವ ದ್ರವವಾದ ಕ್ಲೋರ್‌ಹೆಕ್ಸಿಡೀನ್ ದಾಸ್ತಾನು ಮುಗಿದಾಗ ಆ ತಪ್ಪಿನ ಬೆಲೆ ಗೊತ್ತಾಗುತ್ತದೆ. ಇಷ್ಟಲ್ಲದೆ, ಅಂಕಿ ಸಂಗ್ರಹಿಸುವವರಿಗೆ ವಾರಕ್ಕೆ ಕನಿಷ್ಠ ನಾಲ್ಕು ಗಂಟೆ ಬಿಡುವು ಕೊಡುತ್ತೇವೆಂದು ಆಸ್ಪತ್ರೆಯ ಮುಖ್ಯಸ್ಥರು ಬರೆದುಕೊಡಬೇಕು. ಪಾಳಿ ಮುಗಿದ ಮೇಲೆ ಬರೆಯುವ ಅಂಕಿ ಊಹೆಯ ಅಂಕಿ.

ಎರಡು ಪುಟದ ಕರಾರು

ಆಸ್ಪತ್ರೆಗಳು ರೋಗಿಗಳಿಗಾಗಿ ಪರಸ್ಪರ ಪೈಪೋಟಿ ನಡೆಸುತ್ತವೆ. ಅದನ್ನು ಮರೆತಂತೆ ನಟಿಸಿ ಪ್ರಯೋಜನವಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಮಕ್ಕಳ ಆಸ್ಪತ್ರೆಗಳು 2009ರಲ್ಲಿ ಕೂಡಿದಾಗ ಇಟ್ಟುಕೊಂಡ ತತ್ವ ನೇರವಾಗಿತ್ತು: ಬೇರೆ ಯಾವುದರಲ್ಲಾದರೂ ಸ್ಪರ್ಧಿಸೋಣ, ಸುರಕ್ಷತೆಯಲ್ಲಿ ಬೇಡ. ಮುಂದೆ ಅದೇ ಕೂಟ ರಾಜ್ಯದ ಗಡಿ ದಾಟಿ ಬೆಳೆಯಿತು.

ಕರಾರು ಅಡ್ಡಗೋಡೆಯ ಮೇಲಿಟ್ಟ ದೀಪದಂತಿರಬಾರದು. ಈ ಐದು ಮಾತು ಅದರಲ್ಲಿ ಸ್ಪಷ್ಟವಾಗಿರಲಿ:

1. ಕೂಟದೊಳಗೆ ಪ್ರತಿ ಆಸ್ಪತ್ರೆಯ ಅಂಕಿ ಅದರ ಹೆಸರಿನೊಂದಿಗೇ ಎಲ್ಲರಿಗೂ ಕಾಣುತ್ತದೆ. ‘ಆಸ್ಪತ್ರೆ ಎ’, ‘ಆಸ್ಪತ್ರೆ ಬಿ’ ಎಂಬ ಮರೆ ಮೊದಲ ಮೂರು ತಿಂಗಳಿಗೆ ಮಾತ್ರ.
2. ಈ ಅಂಕಿಗಳನ್ನು ಯಾರೂ ಜಾಹೀರಾತಿಗೆ ಬಳಸುವಂತಿಲ್ಲ. ತನ್ನ ಒಳ್ಳೆಯ ಅಂಕಿಯನ್ನೂ ಸಹ.
3. ರೋಗಿಯ ಹೆಸರು, ದಾಖಲೆ ಸಂಖ್ಯೆ, ಸಿಬ್ಬಂದಿಯ ಹೆಸರು ಆಸ್ಪತ್ರೆಯ ಹೊರಗೆ ಹೋಗುವುದಿಲ್ಲ.
4. ಸಭೆಯಲ್ಲಿ ಕೇಳಿದ ತಪ್ಪನ್ನು ಹಿಡಿದು ಯಾರ ಮೇಲೂ ಶಿಸ್ತುಕ್ರಮ ಜರುಗಿಸುವುದಿಲ್ಲ. ಬೇಕೆಂದೇ ಮಾಡಿದ ಕೇಡು, ಅಮಲಿನಲ್ಲಿ ಮಾಡಿದ ಕೆಲಸ ಇದರಿಂದ ಹೊರಗೆ.
5. ಎರಡು ತಿಂಗಳು ಸತತವಾಗಿ ಅಂಕಿ ಕಳಿಸದ ಆಸ್ಪತ್ರೆಯ ಮುಖ್ಯಸ್ಥರಿಗೆ ಕೂಟದ ಅಧ್ಯಕ್ಷರು ಖುದ್ದಾಗಿ ಫೋನ್ ಮಾಡುತ್ತಾರೆ.

ಇಂಥ ಮಾಹಿತಿಗೆ ಕಾನೂನಿನ ರಕ್ಷಣೆ ಎಷ್ಟಿದೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಸಹಿಗೆ ಮೊದಲು ವಕೀಲರಿಗೆ ತೋರಿಸಿ.

ಒಂದೇ ಹಾನಿ, ಒಂದೇ ಜಾಗ

ಮೊದಲ ವರ್ಷಕ್ಕೆ ಒಂದೇ ವಿಷಯ ಸಾಕು. ಪದೇ ಪದೇ ಆಗುವಂಥದ್ದು, ಎಣಿಸಲು ಬರುವಂಥದ್ದು, ತಡೆಯುವ ದಾರಿ ಈಗಾಗಲೇ ತಿಳಿದಿರುವಂಥದ್ದು ಆಗಿರಬೇಕು. ಮರಣ ಪ್ರಮಾಣವನ್ನು ಮೊದಲ ಗುರಿಯಾಗಿ ಇಟ್ಟುಕೊಳ್ಳಬೇಡಿ. ಯಾವ ಆಸ್ಪತ್ರೆಗೆ ಎಂಥ ರೋಗಿಗಳು ಬರುತ್ತಾರೆ ಎಂಬುದರ ಮೇಲೆಯೇ ಅದು ಬಹುಪಾಲು ನಿಂತಿರುತ್ತದೆ. ವರ್ಷವಿಡೀ ಅದನ್ನೇ ಚರ್ಚಿಸಿ ಎದ್ದು ಹೋಗಬೇಕಾದೀತು.

ಎಣಿಕೆ: ಇಲ್ಲಿ ಸಾವಕಾಶವಿರಲಿ

ಕೂಟಗಳು ಮುರಿಯುವುದು ಇಲ್ಲೇ. ಇಬ್ಬರು ಎರಡು ಬಗೆಯಲ್ಲಿ ಎಣಿಸಿದ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ, ಪ್ರಾಮಾಣಿಕವಾಗಿ ಹುಡುಕಿದ ಆಸ್ಪತ್ರೆ ಕೆಟ್ಟದ್ದಾಗಿಯೂ ಕಣ್ಣು ಮುಚ್ಚಿದ್ದು ಒಳ್ಳೆಯದಾಗಿಯೂ ಕಾಣುತ್ತದೆ. ಅಮೆರಿಕದ ಮಿಶಿಗನ್ ರಾಜ್ಯದ ಐಸಿಯುಗಳು ಕೂಡಿ ಲೈನ್ ಸೋಂಕು ಇಳಿಸಿದ ಯಶಸ್ಸನ್ನು (ಅದರ ವಿವರ ಮುಂದಿದೆ) ನೋಡಿ ಇಂಗ್ಲೆಂಡ್ 2009ರಿಂದ 2011ರವರೆಗೆ ಅಂಥದೇ ಕಾರ್ಯಕ್ರಮ ನಡೆಸಿತು. ಅಲ್ಲಿ ಐಸಿಯುಗಳಿಗೆ ಹೋಗಿ ನೋಡಿದ ಸಂಶೋಧಕರಿಗೆ ಕಂಡದ್ದು, ಒಂದೇ ವ್ಯಾಖ್ಯೆ ಕೊಟ್ಟಿದ್ದರೂ ಪ್ರತಿ ಘಟಕ ತನಗೆ ತೋಚಿದಂತೆ ಎಣಿಸುತ್ತಿದ್ದುದು. ಯಾರೂ ಮೋಸ ಮಾಡಿರಲಿಲ್ಲ. ಯಾರು ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯೇ ಎಂದು ನೋಡುವ ಪ್ರಯೋಗಾಲಯದ ಪರೀಕ್ಷೆ) ಕಳಿಸುತ್ತಾರೆ, ಯಾರು ತೀರ್ಮಾನಿಸುತ್ತಾರೆ, ಯಾವ ಪುಸ್ತಕದಲ್ಲಿ ಬರೆಯುತ್ತಾರೆ ಎಂಬುದೇ ಬೇರೆಬೇರೆಯಾಗಿತ್ತು.

ಮೊದಲು ಛೇದ, ಅಂದರೆ ಲೈನ್-ದಿನಗಳು. ದಿನವೂ ಒಂದೇ ಹೊತ್ತಿನಲ್ಲಿ, ಮಧ್ಯರಾತ್ರಿಯೋ ಬೆಳಗಿನ ಪಾಳಿ ಬದಲಾಗುವಾಗಲೋ, ಸೆಂಟ್ರಲ್ ಲೈನ್ ಇರುವ ರೋಗಿಗಳನ್ನು ಎಣಿಸಿ. ಒಬ್ಬರಿಗೆ ಎರಡು ಲೈನ್ ಇದ್ದರೂ ಆ ದಿನಕ್ಕೆ ಒಂದೇ. ತಿಂಗಳ ಕೊನೆಯಲ್ಲಿ ಕಡತ ನೋಡಿ ಅಂದಾಜಿಸುವುದು ಬೇಡ, ಲೈನ್ ತೆಗೆದ ದಿನಾಂಕ ಅನೇಕ ಕಡತಗಳಲ್ಲಿ ಇರುವುದೇ ಇಲ್ಲ.

ಆಮೇಲೆ ಅಂಶ, ಅಂದರೆ ಎಣಿಕೆಗೆ ಬರುವ ಸೋಂಕುಗಳು. ಲೈನ್ ಹಾಕಿ ಎರಡು ಕ್ಯಾಲೆಂಡರ್ ದಿನ ದಾಟಿರಬೇಕು. ಸೋಂಕು ಗುರುತಿಸಿದ ದಿನ ಅಥವಾ ಅದರ ಹಿಂದಿನ ದಿನ ಲೈನ್ ಇದ್ದಿರಬೇಕು. ರಕ್ತದಲ್ಲಿ ಸಿಕ್ಕ ರೋಗಾಣು ಬೇರೆ ಜಾಗದ ಸೋಂಕಿನಿಂದ ಬಂದದ್ದಾಗಿರಬಾರದು. ಚರ್ಮದ ಮೇಲೆ ಸಾಮಾನ್ಯವಾಗಿರುವ ರೋಗಾಣುವಾದರೆ ಬೇರೆಬೇರೆ ಸಲ ತೆಗೆದ ಎರಡು ಕಲ್ಚರ್‌ಗಳಲ್ಲಿ ಅದೇ ಸಿಗಬೇಕು, ರೋಗಿಗೆ ಜ್ವರ, ಚಳಿ, ರಕ್ತದೊತ್ತಡ ಇಳಿತದಂಥ ಲಕ್ಷಣವೂ ಇರಬೇಕು. ಇದು ಎಣಿಕೆಗೆಂದು ಮಾಡಿಕೊಂಡ ವ್ಯಾಖ್ಯೆ. ಚಿಕಿತ್ಸೆ ಕೊಡಬೇಕೋ ಬೇಡವೋ ಎಂಬುದನ್ನು ಅದು ಹೇಳುವುದಿಲ್ಲ. ‘ಇದು ನಿಜವಾದ ಸೋಂಕಲ್ಲ’ ಎಂದು ವೈದ್ಯರು ಎಣಿಕೆಯಿಂದ ತೆಗೆಸಲು ಒತ್ತಾಯಿಸುವುದು ಈ ವ್ಯತ್ಯಾಸ ತಿಳಿಯದಿದ್ದಾಗ. ತೀರ್ಮಾನ ಸೋಂಕು ನಿಯಂತ್ರಣದವರದ್ದೇ ಆಗಿರಲಿ.

ಎರಡು ಸೋಂಕು, 640 ಲೈನ್-ದಿನ: 2 ÷ 640 × 1000 = 3.1. ಅಷ್ಟೇ ಲೆಕ್ಕ.

ಇದರ ಪಕ್ಕದಲ್ಲೇ ಇನ್ನೊಂದು ಅಂಕಿ ಇಡಿ: ಸಾವಿರ ರೋಗಿ-ದಿನಗಳಿಗೆ ಎಷ್ಟು ಬ್ಲಡ್ ಕಲ್ಚರ್ ಕಳಿಸಿದಿರಿ? ಜ್ವರ ಬಂದ ಕೂಡಲೇ ಕಲ್ಚರ್ ತೆಗೆಯದೆ ಆ್ಯಂಟಿಬಯಾಟಿಕ್ ಹಾಕುವ ಆಸ್ಪತ್ರೆಯಲ್ಲಿ ಸೋಂಕಿನ ಪ್ರಮಾಣ ಸೊನ್ನೆಗೆ ಹತ್ತಿರವಿರುತ್ತದೆ. ಹುಡುಕದವರಿಗೆ ಸಿಗುವುದಿಲ್ಲ, ಅಷ್ಟೇ. ಕೂಟದಲ್ಲಿ ಅತಿ ಕಡಿಮೆ ಸೋಂಕು ಮತ್ತು ಅತಿ ಕಡಿಮೆ ಕಲ್ಚರ್ ಒಂದೇ ಆಸ್ಪತ್ರೆಯದಾಗಿದ್ದರೆ ಅಲ್ಲಿಂದ ಪಾಠ ಕಲಿಯಲು ಅವಸರಪಡಬೇಡಿ.

ಎಲ್ಲರೂ ಒಂದೇ ಬಗೆಯಲ್ಲಿ ಎಣಿಸುತ್ತಾರೆಂದು ಖಾತ್ರಿಪಡಿಸಿಕೊಳ್ಳಲು ಅಗ್ಗದ ಉಪಾಯವೊಂದಿದೆ. ಹತ್ತು ಕಾಲ್ಪನಿಕ ರೋಗಿಗಳ ವಿವರ ಬರೆಯಿರಿ, ಅದರಲ್ಲಿ ನಾಲ್ಕು ಬೇಕೆಂದೇ ಗೊಂದಲ ಹುಟ್ಟಿಸುವಂತಿರಲಿ. ಎಲ್ಲ ಆಸ್ಪತ್ರೆಗಳಿಗೂ ಕಳಿಸಿ, ಒಬ್ಬರನ್ನೊಬ್ಬರು ಕೇಳದೆ ‘ಎಣಿಕೆಗೆ ಬರುತ್ತದೆ / ಬರುವುದಿಲ್ಲ’ ಎಂದು ಗುರುತು ಹಾಕಲಿ. ಹತ್ತರಲ್ಲಿ ಒಂಬತ್ತಕ್ಕೆ ಸರಿಯುತ್ತರ ಬರುವವರೆಗೆ ನಿಜವಾದ ಅಂಕಿ ಸಂಗ್ರಹ ಆರಂಭಿಸಬೇಡಿ. ಆರು ತಿಂಗಳಿಗೊಮ್ಮೆ ಹೊಸ ಹತ್ತು. ಮೊದಲ ಸುತ್ತಿನಲ್ಲಿ ಜಗಳವಾಗುತ್ತದೆ, ಆಗಲಿ. ಆರು ತಿಂಗಳ ನಂತರ ಫಲಿತಾಂಶದ ಮೇಲೆ ಆಗುವ ಜಗಳಕ್ಕಿಂತ ಇದು ಮೇಲು.

ಏನನ್ನೂ ಬದಲಿಸುವ ಮುನ್ನ ಕನಿಷ್ಠ ಮೂರು ತಿಂಗಳ ಅಂಕಿ ಕೈಯಲ್ಲಿರಲಿ. ಸಾಧ್ಯವಾದರೆ ಹಳೆಯ ದಾಖಲೆಗಳಿಂದ ಒಂದು ವರ್ಷದ್ದು. ಅದನ್ನು ಸಾಲು ನಕ್ಷೆಯಾಗಿ ಬರೆದು ನಡುವೆ ಮಧ್ಯಾಂಕದ ಗೆರೆ (ಅರ್ಧ ಬಿಂದುಗಳು ಮೇಲೆ, ಅರ್ಧ ಕೆಳಗೆ ಬರುವಂತೆ) ಎಳೆಯಿರಿ. ಬದಲಾವಣೆಯ ನಂತರ ಸತತ ಆರು ಬಿಂದುಗಳು ಗೆರೆಯ ಒಂದೇ ಬದಿಯಲ್ಲಿ ಬಿದ್ದರೆ ಏನೋ ನಿಜವಾಗಿ ಬದಲಾಗಿದೆ. ಸತತ ಐದು ಬಿಂದು ಏರುತ್ತಲೇ ಅಥವಾ ಇಳಿಯುತ್ತಲೇ ಹೋದರೂ ಹಾಗೆಯೇ. ಗೆರೆಯ ಮೇಲೆಯೇ ಕುಳಿತ ಬಿಂದುವನ್ನು ಬದಿಯ ಲೆಕ್ಕದಲ್ಲಿ ಬಿಟ್ಟುಬಿಡಿ. ಒಂದು ತಿಂಗಳ ಏರಿಳಿತಕ್ಕೆ ಸಿಹಿ ಹಂಚುವುದೂ ಬೇಡ, ನೋಟಿಸ್ ಕೊಡುವುದೂ ಬೇಡ. ತೀರ ಚಿಕ್ಕ ಐಸಿಯುಗಳು ಪ್ರಮಾಣವನ್ನು ಬಿಟ್ಟು, ಒಂದು ಸೋಂಕಿನಿಂದ ಇನ್ನೊಂದಕ್ಕೆ ಎಷ್ಟು ದಿನಗಳ ಅಂತರ ಎಂಬ ನಕ್ಷೆ ಇಟ್ಟುಕೊಳ್ಳುವುದು ವಾಸಿ.

ಬದಲಿಸಬೇಕಾದದ್ದು ಐದೇ, ಆದರೆ ಐದೂ

ಮಿಶಿಗನ್‌ನಲ್ಲಿ 2003ರಲ್ಲಿ ಹೊರಟ ಕೂಟಕ್ಕೆ ನೂರಕ್ಕೂ ಹೆಚ್ಚು ಐಸಿಯುಗಳು ಸೇರಿದವು. ಅವು ಹಿಡಿದದ್ದು ಐದು ಕೆಲಸ: ಕೈ ತೊಳೆಯುವುದು, ಲೈನ್ ಹಾಕುವಾಗ ಟೋಪಿ, ಮಾಸ್ಕ್, ಸ್ಟೆರೈಲ್ (ರೋಗಾಣುಮುಕ್ತ) ಗೌನ್ ಮತ್ತು ಗ್ಲೌಸ್ ಧರಿಸಿ ರೋಗಿಯ ಮೈಪೂರ್ತಿ ಸ್ಟೆರೈಲ್ ಹೊದಿಕೆ ಹಾಸುವುದು, ಕ್ಲೋರ್‌ಹೆಕ್ಸಿಡೀನ್‌ನಿಂದ ಚರ್ಮ ಶುದ್ಧಿ, ಸಾಧ್ಯವಾದಷ್ಟು ತೊಡೆಸಂದಿನ ರಕ್ತನಾಳವನ್ನು ತಪ್ಪಿಸುವುದು, ಬೇಡವಾದ ಲೈನನ್ನು ತೆಗೆದುಬಿಡುವುದು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಸಾವಿರ ಲೈನ್-ದಿನಗಳಿಗೆ ಸರಾಸರಿ 7.7 ಇದ್ದ ಸೋಂಕು 16ರಿಂದ 18 ತಿಂಗಳ ಹೊತ್ತಿಗೆ 1.4ಕ್ಕೆ ಇಳಿಯಿತು.

ಆ ಪಟ್ಟಿಯನ್ನು ನಕಲು ಮಾಡಿದವರು ಬಹಳ. ಪಟ್ಟಿಯ ಹಿಂದಿದ್ದ ಏರ್ಪಾಡನ್ನು ನಕಲು ಮಾಡಿದವರು ಕಡಿಮೆ. ಬೇಕಾದ ಎಲ್ಲ ಸಾಮಗ್ರಿ ಒಂದೇ ತಳ್ಳುಗಾಡಿಯಲ್ಲಿ ಇರುತ್ತಿತ್ತು. ವೈದ್ಯರು ಒಂದು ಹೆಜ್ಜೆ ತಪ್ಪಿಸಿದರೂ, ತುರ್ತು ಸಂದರ್ಭವಲ್ಲದಿದ್ದರೆ, ನರ್ಸ್ ಕೆಲಸವನ್ನೇ ನಿಲ್ಲಿಸಬಹುದಿತ್ತು. ಸೋಂಕಿನ ಅಂಕಿ ವಾರ್ಡಿಗೆ ವಾಪಸು ಬರುತ್ತಿತ್ತು. ನರ್ಸ್‌ಗೆ ಆ ಅಧಿಕಾರವಿದೆಯೆಂದು ಆಸ್ಪತ್ರೆಯ ಮುಖ್ಯಸ್ಥರು ಎಲ್ಲ ವೈದ್ಯರ ಎದುರು ಬಾಯಿಬಿಟ್ಟು ಹೇಳಬೇಕು. ಮತ್ತು ಮೊದಲ ಸಲ ನರ್ಸ್ ನಿಲ್ಲಿಸಿದಾಗ, ಎದುರಿಗಿರುವವರು ಎಷ್ಟೇ ಹಿರಿಯರಾಗಿರಲಿ, ಅವರ ಬೆನ್ನಿಗೆ ನಿಲ್ಲಬೇಕು. ಆ ಒಂದು ದಿನ ಜಾರಿದರೆ ಪಟ್ಟಿ ಬರೀ ಕಾಗದ.

ಕೈಯಾರೆ ಮಾಡುವಾಗ ತಪ್ಪುವ ಸಣ್ಣ ಸಂಗತಿಗಳಿವು. ಕ್ಲೋರ್‌ಹೆಕ್ಸಿಡೀನ್ 0.5 ಶೇಕಡಾಕ್ಕಿಂತ ಗಾಢವಾಗಿದ್ದು ಆಲ್ಕೋಹಾಲ್‌ನಲ್ಲಿರಬೇಕು. ಬಹಳ ಕಡೆ ಬಳಸುವುದು 2 ಶೇಕಡಾದ್ದು. ಒಣ ಚರ್ಮದ ಮೇಲೆ ಸುಮಾರು 30 ಸೆಕೆಂಡು ಉಜ್ಜಿ, ತಾನಾಗಿ ಪೂರ್ತಿ ಒಣಗಲು ಬಿಡಬೇಕು. ಅವಸರದಲ್ಲಿ ಗಾಜ್‌ನಿಂದ ಒರೆಸಿದರೆ ಹಾಕಿದ್ದೂ ಹೋಯಿತು. ಎಳೆಯ ಶಿಶುಗಳಿಗೆ ಈ ನಿಯಮ ಬೇರೆ, ಮಕ್ಕಳ ವಿಭಾಗವನ್ನು ಕೇಳಿ. ಮೈಪೂರ್ತಿ ಹೊದಿಕೆ ಎಂದರೆ ತಲೆಯಿಂದ ಕಾಲಿನವರೆಗೆ. ಕಿಂಡಿಯಿರುವ ಸಣ್ಣ ಟವೆಲ್ ಸಾಲದು.

ಇನ್ನೊಂದು ಸುಳಿವು. ಪ್ರತಿ ಸೋಂಕು ಲೈನ್ ಹಾಕಿದ ಎಷ್ಟನೆಯ ದಿನ ಬಂತೆಂದು ಬರೆದಿಡಿ. ಮೊದಲ ವಾರದೊಳಗಿನವು ಹಾಕುವಾಗಿನ ತಪ್ಪಿನ ಕಡೆ ಬೆರಳು ತೋರಿಸುತ್ತವೆ. ಆಮೇಲಿನವು ಹೆಚ್ಚಾಗಿ ನಿರ್ವಹಣೆಯ ಕಡೆ: ಔಷಧ ಹಾಕುವ ಮುನ್ನ ಲೈನಿನ ತುದಿಯನ್ನು ಉಜ್ಜದಿರುವುದು, ಒದ್ದೆಯಾದ ಡ್ರೆಸ್ಸಿಂಗ್ ಹಾಗೆಯೇ ಬಿಡುವುದು. ಪಾರದರ್ಶಕ ಡ್ರೆಸ್ಸಿಂಗ್ ಏಳು ದಿನಕ್ಕೊಮ್ಮೆ, ಗಾಜ್ ಆದರೆ ಎರಡು ದಿನಕ್ಕೊಮ್ಮೆ, ಒದ್ದೆಯಾದರೆ ಅಥವಾ ಸಡಿಲವಾದರೆ ಆಗಲೇ ಬದಲಿಸಬೇಕು. ಮೊದಲ ವರ್ಷ ಚೆನ್ನಾಗಿ ಇಳಿದ ಅಂಕಿ ಒಂದೆಡೆ ನಿಂತುಬಿಟ್ಟರೆ ಕಾರಣ ಬಹುಶಃ ಇಲ್ಲೇ ಸಿಗುತ್ತದೆ.

ಪಾಲನೆಯನ್ನು ಅಳೆಯುವಾಗ ಐದೂ ಆದರೆ ಒಂದು ಅಂಕ, ಒಂದು ತಪ್ಪಿದರೂ ಸೊನ್ನೆ. ಒಂದೊಂದು ಹೆಜ್ಜೆಯೂ ನೂರಕ್ಕೆ 95 ಸಲ ಸರಿಯಾದರೆ ಸಾಕಲ್ಲವೇ ಎನಿಸಬಹುದು. ಐದೂ ಒಟ್ಟಿಗೆ ಸರಿಯಾಗುವುದು ಆಗ ಸುಮಾರು 77 ಸಲ ಮಾತ್ರ.

ಹೊಸ ಪಟ್ಟಿಯನ್ನು ಸೋಮವಾರ ಬೆಳಿಗ್ಗೆ ಇಡೀ ಆಸ್ಪತ್ರೆಗೆ ಹೊರಡಿಸಬೇಡಿ. ಒಬ್ಬ ನರ್ಸ್, ಒಬ್ಬ ರೋಗಿ, ಒಂದು ಪಾಳಿ. ಸಂಜೆ ‘ಎಲ್ಲಿ ಸಿಕ್ಕಿಹಾಕಿಕೊಂಡಿತು?’ ಎಂದು ಕೇಳಿ, ತಿದ್ದಿ, ಮರುದಿನ ಐದು ರೋಗಿಗಳಿಗೆ, ಆಮೇಲೆ ವಾರ್ಡಿಗೆ. ಬೇರೆ ಆಸ್ಪತ್ರೆಯಲ್ಲಿ ಗೆದ್ದ ನಮೂನೆಯೂ ಈ ದಾರಿಯಲ್ಲೇ ಬರಬೇಕು.

ತಿಂಗಳ ಸಭೆ ಮತ್ತು ಭೇಟಿ

ತಿಂಗಳಿಗೊಂದು ಆನ್‌ಲೈನ್ ಸಭೆ, ಒಂದು ಗಂಟೆ, ಮೀರಬಾರದು. ಅಂಕಿಗೆ ಹತ್ತೇ ನಿಮಿಷ. ಇಪ್ಪತ್ತೈದು ನಿಮಿಷ ಒಂದು ಆಸ್ಪತ್ರೆ ತನ್ನ ಸೋಲನ್ನು ಬಿಚ್ಚಿಡಲಿ: ಆ ತಿಂಗಳ ಒಂದು ಸೋಂಕು, ಅದರ ಹಿಂದೆ ಹುಡುಕಿದಾಗ ಸಿಕ್ಕದ್ದು. ಉಳಿದ ಹೊತ್ತು ಬೇರೆಯವರ ಪ್ರಶ್ನೆಗೆ. ಮೊದಲ ಸರದಿ ಕೂಟದ ಅತಿ ದೊಡ್ಡ, ಅತಿ ಹೆಸರುವಾಸಿ ಆಸ್ಪತ್ರೆಯದ್ದಾಗಿರಲಿ. ದೊಡ್ಡವರು ತಪ್ಪೊಪ್ಪಿಕೊಂಡ ಮೇಲೆ ಚಿಕ್ಕವರಿಗೆ ಬಾಯಿ ಬರುತ್ತದೆ. ‘ನಮ್ಮ ರೋಗಿಗಳೇ ಹೆಚ್ಚು ಗಂಭೀರ ಸ್ಥಿತಿಯವರು’ ಎಂಬ ಮಾತು ಮೊದಲ ಸಭೆಯಲ್ಲೇ ಬರುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕೆಲವೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ, ಹಾಗಾಗಿ ಪ್ರತಿ ಆಸ್ಪತ್ರೆಯನ್ನೂ ಅದರದೇ ಹಿಂದಿನ ಅಂಕಿಗೆ ಹೋಲಿಸಿ, ಶ್ರೇಯಾಂಕ ಪಟ್ಟಿ ಮಾಡಬೇಡಿ.

ಸಭೆಗಿಂತ ಫಲ ಕೊಡುವುದು ಭೇಟಿ. ಅಮೆರಿಕದ ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳ ಹೃದಯ ಶಸ್ತ್ರಚಿಕಿತ್ಸಕರು 1987ರಲ್ಲಿ ಕೂಟ ಕಟ್ಟಿ, ಅಂಕಿ ಹಂಚಿಕೊಂಡು, ಒಬ್ಬರ ಆಪರೇಷನ್ ಥಿಯೇಟರ್‌ಗೆ ಇನ್ನೊಬ್ಬರು ಹೋಗಿ ನೋಡಿದರು. ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯಲ್ಲಾಗುವ ಸಾವು ನಿರೀಕ್ಷೆಗಿಂತ ಶೇಕಡಾ 24ರಷ್ಟು ಕಡಿಮೆಯಾಯಿತು. ಭೇಟಿಗೆ ವೈದ್ಯರೊಬ್ಬರೇ ಹೋಗದೆ ತಂಡವಿಡೀ ಹೋಗಲಿ. ನರ್ಸ್ ನರ್ಸ್‌ನ ಹಿಂದೆ, ಫಾರ್ಮಸಿಸ್ಟ್ ಫಾರ್ಮಸಿಸ್ಟ್‌ನ ಹಿಂದೆ, ಒಂದು ಪೂರ್ತಿ ಪಾಳಿ. ಸ್ಲೈಡ್ ತೋರಿಸುವುದು ಬೇಡ. ತಳ್ಳುಗಾಡಿಯ ಖಾನೆ ತೆರೆದು ತೋರಿಸಿ. ಭೇಟಿ ಕೊಟ್ಟವರು ಹೊರಡುವ ಮೊದಲು ಎರಡು ಚೀಟಿ ಬರೆಯಬೇಕು: ನಾವು ಒಯ್ಯುವುದು ಯಾವುದು, ನಿಮ್ಮಲ್ಲಿ ನಮಗೆ ಭಯ ಹುಟ್ಟಿಸಿದ್ದು ಯಾವುದು. ತನ್ನ ಬೆನ್ನು ತನಗೆ ಕಾಣದು, ಎರಡನೆಯ ಚೀಟಿ ಅದಕ್ಕಾಗಿ.

ಅಪರೂಪದ ಅವಘಡ ಆದಾಗ

ವಿನ್‌ಕ್ರಿಸ್ಟೀನ್ ಎಂಬ ಕ್ಯಾನ್ಸರ್ ಔಷಧ ರಕ್ತನಾಳಕ್ಕೆ ಮಾತ್ರ. ಬೆನ್ನುಹುರಿಯ ದ್ರವಕ್ಕೆ ಹೋದರೆ ಬಹುತೇಕ ಸಾವೇ. ಬೇರೆಬೇರೆ ದೇಶಗಳಲ್ಲಿ ಇದೇ ತಪ್ಪು ಮತ್ತೆ ಮತ್ತೆ ಆಗಿದೆ, ಪ್ರತಿ ಆಸ್ಪತ್ರೆಗೂ ಅದು ಮೊದಲ ಸಲ. ಅದನ್ನು ಸಿರಿಂಜ್‌ನಲ್ಲಿ ಕೊಡದೆ ಸಣ್ಣ ಸಲೈನ್ ಚೀಲದಲ್ಲಿ ಬೆರೆಸಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಎಚ್ಚರಿಸಿತು. ಚೀಲವನ್ನು ಬೆನ್ನಿನ ಸೂಜಿಗೆ ಜೋಡಿಸಲು ಯಾರ ಕೈಯೂ ಹೋಗುವುದಿಲ್ಲ.

ಕೂಟದೊಳಗೆ ಇಂಥ ಎಚ್ಚರಿಕೆ ಒಂದು ಪುಟದಲ್ಲಿ ಹೋಗಲಿ: ಏನಾಯಿತು, ತಪ್ಪು ಸುಲಭವಾಗುವಂತೆ ಮಾಡಿದ್ದು ಏನು, ನಾಳೆ ನಿಮ್ಮಲ್ಲಿ ಏನನ್ನು ನೋಡಬೇಕು. ಘಟನೆಯ 72 ಗಂಟೆಯೊಳಗೆ, ತನಿಖೆ ಮುಗಿಯದಿದ್ದರೂ. ಏಳು ದಿನದೊಳಗೆ ಪ್ರತಿ ಆಸ್ಪತ್ರೆ ಒಂದು ಸಾಲಿನ ಉತ್ತರ ಕೊಡಬೇಕು: ನಮ್ಮಲ್ಲೂ ಇದೆ, ಇಲ್ಲ, ಇತ್ತು ತೆಗೆದೆವು. ಉತ್ತರ ಕೇಳದ ಎಚ್ಚರಿಕೆ ಇಮೇಲ್ ಪೆಟ್ಟಿಗೆಯಲ್ಲೇ ಸಾಯುತ್ತದೆ.

ಪರಿಹಾರವನ್ನು ತೂಗಿ ನೋಡಿ. ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯವನ್ನೇ ನಿಲ್ಲಿಸಬಲ್ಲ ಗಾಢ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್‌ಗಳನ್ನು ವಾರ್ಡಿನಿಂದಲೇ ತೆಗೆದು, ತೆಳುವಾಗಿ ಬೆರೆಸಿದ ಚೀಲಗಳನ್ನಷ್ಟೇ ಕಳಿಸುವುದು ಗಟ್ಟಿ ಪರಿಹಾರ. ಕೆಂಪು ಲೇಬಲ್ ಅಂಟಿಸುವುದು ನಡುವಿನದ್ದು. ‘ಎಚ್ಚರ ವಹಿಸತಕ್ಕದ್ದು’ ಎಂಬ ಸುತ್ತೋಲೆ ಕಣ್ಣೊರೆಸುವ ತಂತ್ರ. ಮೂರು ಪರಿಹಾರಗಳನ್ನು ಬರೆದು ಮೂರೂ ತರಬೇತಿಯೇ ಆಗಿದ್ದರೆ ಆ ವರದಿಯನ್ನು ವಾಪಸು ಕಳಿಸಿ.

ಎಡವುವ ಜಾಗಗಳು

ಪಟ್ಟಿಗೆ ಟಿಕ್ ಹಾಕುವುದೇ ಕೆಲಸವಾಗುವುದು ಎಲ್ಲಕ್ಕಿಂತ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಪಟ್ಟಿಯನ್ನು ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವು ಶೇಕಡಾ 1.5ರಿಂದ 0.8ಕ್ಕೆ ಇಳಿದಿತ್ತು; ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಅದೇ ಪಟ್ಟಿಯ ಬಳಕೆಯನ್ನು ವರದಿ ಮಾಡುವುದು ಕಡ್ಡಾಯವಾಯಿತು. ಅಲ್ಲಿನ 101 ಆಸ್ಪತ್ರೆಗಳ ಅಂಕಿ ನೋಡಿದಾಗ ಗಣನೀಯ ಬದಲಾವಣೆ ಕಾಣಲಿಲ್ಲ, ಪಾಲನೆ ಮಾತ್ರ ಕಾಗದದ ಮೇಲೆ ನೂರಕ್ಕೆ ನೂರರ ಹತ್ತಿರವಿತ್ತು. ಏಕೆಂಬ ಚರ್ಚೆ ಮುಗಿದಿಲ್ಲ. ಆದರೆ ಪಟ್ಟಿ ತುಂಬಿದ್ದನ್ನು ಎಣಿಸಬೇಡಿ, ಕೆಲಸ ನಡೆಯುವಾಗ ನಿಂತು ನೋಡಿ ಎಣಿಸಿ ಎಂಬುದಕ್ಕೆ ಅಷ್ಟು ಸಾಕು. ವಾರಕ್ಕೆ ಐದು ಸಲ ನೋಡಿದರೂ ತಿಂಗಳಿಗೆ ಇಪ್ಪತ್ತಾಯಿತು.

ಘಟನೆ ವರದಿಗಳು ಆರಂಭದಲ್ಲಿ ಏರುತ್ತವೆ. ಜನ ಧೈರ್ಯವಾಗಿ ಹೇಳತೊಡಗಿದ್ದಾರೆಂದು ಅರ್ಥ. ಇದನ್ನು ಆಡಳಿತ ಮಂಡಳಿಗೆ ಮೊದಲೇ ತಿಳಿಸಿಡದಿದ್ದರೆ ಎರಡನೆಯ ತಿಂಗಳಲ್ಲಿ ಯಾರೋ ಗಾಬರಿಯಾಗಿ ಎಲ್ಲವನ್ನೂ ನಿಲ್ಲಿಸುತ್ತಾರೆ.

ಒಬ್ಬ ಉತ್ಸಾಹಿ ನರ್ಸ್‌ನ ಹೆಗಲ ಮೇಲೆ ನಿಂತ ಕೆಲಸ ಅವರ ವರ್ಗಾವಣೆಯೊಂದಿಗೆ ಹೋಗುತ್ತದೆ. ಪ್ರತಿ ಹುದ್ದೆಗೂ ಮೊದಲ ದಿನದಿಂದಲೇ ಇಬ್ಬರಿರಲಿ.

ಕೈ ಸಡಿಲಿಸುವಾಗ

ಆರು ತಿಂಗಳು ಅಂಕಿ ಕೆಳಗೇ ನಿಂತ ಮೇಲೆ ನೋಡಿ-ಎಣಿಸುವುದನ್ನು ತಿಂಗಳಿಗೆ ಇಪ್ಪತ್ತರಿಂದ ಐದಕ್ಕೆ ಇಳಿಸಬಹುದು. ಸೋಂಕಿನ ಎಣಿಕೆಯನ್ನು ಮಾತ್ರ ನಿಲ್ಲಿಸಬೇಡಿ. ಹೊಸ ವೈದ್ಯರ ತಂಡ ಸೇರಿದ ತಿಂಗಳು, ಡ್ರೆಸ್ಸಿಂಗ್ ಅಥವಾ ಲೈನಿನ ಬ್ರ್ಯಾಂಡ್ ಬದಲಾದ ತಿಂಗಳು ಮತ್ತೆ ಇಪ್ಪತ್ತಕ್ಕೆ ಏರಿಸಿ. ಐದರಲ್ಲಿ ಎರಡು ತಪ್ಪು ಕಂಡರೆ, ಸೋಂಕು ಬರುವವರೆಗೆ ಕಾಯದೆ, ಆ ವಾರವೇ ತಳ್ಳುಗಾಡಿಯ ಖಾನೆಗಳನ್ನು ಒಂದೊಂದಾಗಿ ತೆರೆದು ನೋಡಿ. ಏನೋ ಒಂದು ಖಾಲಿಯಾಗಿರುತ್ತದೆ.